ಕೊನೆಯ ಟೈಮ್ ಟ್ರಯಲ್‌ನಲ್ಲಿ ಜೆರ್ಸಿ ಯಾರ ಪಾಲು? ಊಹಿಸುವ ಕ್ರಮ, ಹಂತ ಹಂತವಾಗಿ

ಮೂರು ವಾರದ ಸೈಕಲ್ ರೇಸ್ ಕೊನೆಗೆ ಒಂದೇ ಒಂದು ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ಓಡುವ ಓಟ) ಮೇಲೆ ಬಂದು ನಿಂತಾಗ ಹೆಚ್ಚಿನವರ ಊಹೆ ಎಡವುವುದು ಒಂದೇ ಜಾಗದಲ್ಲಿ. "ಇವನು ಟೈಮ್ ಟ್ರಯಲ್‌ನಲ್ಲಿ ಗಟ್ಟಿಗ, ಅವನು ಬೆಟ್ಟ ಹತ್ತುವವನು, ಅಂತರ ಒಂದು ನಿಮಿಷವೂ ಇಲ್ಲ, ಹಾಗಾದ್ರೆ ಇವನೇ ಗೆಲ್ತಾನೆ." ಲೆಕ್ಕ ಇಷ್ಟಕ್ಕೇ ನಿಲ್ಲುತ್ತದೆ. ಆಮೇಲೆ ಫಲಿತಾಂಶ ಬಂದಾಗ ಆಶ್ಚರ್ಯ.

ಹೆಸರಿನ ಮೇಲೆ ಊಹೆ ಕಟ್ಟಬೇಡಿ. ಇಬ್ಬರ ನಡುವೆ ಪ್ರತಿ ಕಿಲೋಮೀಟರ್‌ಗೆ ಎಷ್ಟು ಸೆಕೆಂಡ್ ಕೈ ಬದಲಾಗಬೇಕು, ಅಷ್ಟು ಹಿಂದೆ ಯಾವಾಗಲಾದರೂ ಬದಲಾಗಿದೆಯಾ? ಇಡೀ ಕೆಲಸ ಈ ಒಂದು ಪ್ರಶ್ನೆಯ ಸುತ್ತ ಇದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಗಾಳಿ, ಸೈಕಲ್, ದಣಿವು ಇವನ್ನೆಲ್ಲ ಮೊದಲೇ ತಲೆಗೆ ತುಂಬಿಕೊಂಡರೆ ಮೂಲ ಲೆಕ್ಕವೇ ವಾಲಿಬಿಡುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

- ಆಯೋಜಕರು ಕೊಟ್ಟ ದಾರಿಯ ನಕ್ಷೆ ಮತ್ತು ಏರಿಳಿತದ ಚಿತ್ರ. ಸಮಯ ಅಳೆಯುವ ಜಾಗಗಳು ಎಷ್ಟನೇ ಕಿಲೋಮೀಟರ್‌ನಲ್ಲಿವೆ ಅನ್ನುವುದೂ ಬೇಕು.
- ಹಿಂದಿನ ದಿನದ ಒಟ್ಟು ಸ್ಥಾನಪಟ್ಟಿ, ಸೆಕೆಂಡ್ ಲೆಕ್ಕದಲ್ಲಿ.
- ಇಬ್ಬರೂ ಓಡಿದ ಹಳೆಯ ಟೈಮ್ ಟ್ರಯಲ್‌ಗಳ ಫಲಿತಾಂಶ. ಎರಡು ವರ್ಷಕ್ಕಿಂತ ಹಿಂದಿನವು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.
- ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಅನ್ನುವ ಪಟ್ಟಿ.
- ಗಂಟೆಗಂಟೆಯ ಹವಾಮಾನ ಮುನ್ಸೂಚನೆ. ಗಾಳಿಯ ವೇಗ ಮತ್ತು ದಿಕ್ಕು ಎರಡೂ ಇರಲಿ.
- ಒಂದು ಸ್ಪ್ರೆಡ್‌ಶೀಟ್. ಕಾಗದ, ಪೆನ್ಸಿಲ್ ಇದ್ದರೂ ಸಾಕು.

## ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದಲು ತೀರ್ಮಾನಿಸಿ

ಆ ಒಂದು ದಿನದ ಓಟ, ಅಂದರೆ ಸ್ಟೇಜ್, ಯಾರು ಗೆಲ್ಲುತ್ತಾರೆ? ಒಟ್ಟು ರೇಸ್ ಯಾರು ಗೆಲ್ಲುತ್ತಾರೆ? ಇವು ಎರಡೂ ಬೇರೆ ಬೇರೆ ಪ್ರಶ್ನೆ. 2011ರ ಟೂರ್ ದ ಫ್ರಾನ್ಸ್‌ನಲ್ಲಿ ಗ್ರೆನೋಬಲ್ ಟೈಮ್ ಟ್ರಯಲ್ ಗೆದ್ದವನು ಟೋನಿ ಮಾರ್ಟಿನ್. ಅವನಿಗಿಂತ 7 ಸೆಕೆಂಡ್ ಹಿಂದೆ ಉಳಿದ ಕ್ಯಾಡೆಲ್ ಇವಾನ್ಸ್ ಹಳದಿ ಜೆರ್ಸಿ, ಅಂದರೆ ಒಟ್ಟು ಸಮಯದಲ್ಲಿ ಮುಂದಿರುವವನ ಅಂಗಿ, ಹಾಕಿಕೊಂಡ. 2017ರಲ್ಲಿ ಇಟಲಿಯ ಮೂರು ವಾರದ ರೇಸ್ ಜಿರೋ ದಿತಾಲಿಯಾದ ಕೊನೆಯ ದಿನ ಸ್ಟೇಜ್ ಹೋಗಿದ್ದು ಯೋಸ್ ಫಾನ್ ಎಮ್ಡನ್‌ಗೆ, ಅಲ್ಲಿನ ಗುಲಾಬಿ ಜೆರ್ಸಿ ಹೋಗಿದ್ದು ಟಾಮ್ ಡ್ಯುಮೊಲಿನ್‌ಗೆ.

ಜೆರ್ಸಿಯೇ ನಿಮ್ಮ ಪ್ರಶ್ನೆ ಆಗಿದ್ದರೆ ಒಟ್ಟು ಸ್ಥಾನದಲ್ಲಿ ತೀರಾ ಹಿಂದಿರುವ ಟೈಮ್ ಟ್ರಯಲ್ ಪರಿಣತರ ಹೆಸರನ್ನೆಲ್ಲ ಪಟ್ಟಿಯಿಂದ ತೆಗೆದುಬಿಡಿ. ಉಳಿಯುವುದು ಎರಡೋ ಮೂರೋ ಜನ. ಲೆಕ್ಕ ಅವರ ನಡುವೆ ಮಾತ್ರ.

## ಹಂತ 2: "ಬೇಕಾದ ದರ" ಕಂಡುಹಿಡಿಯಿರಿ

ಹಿಂದಿರುವವನ ಅಂತರವನ್ನು ಸೆಕೆಂಡ್‌ನಲ್ಲಿ ಬರೆದು, ದಾರಿಯ ಉದ್ದದಿಂದ ಭಾಗಿಸಿ. ಬಂದ ಉತ್ತರವೇ ಬೇಕಾದ ದರ. ಪ್ರತಿ ಕಿಲೋಮೀಟರ್‌ನಲ್ಲಿ ಅವನು ಎದುರಾಳಿಯಿಂದ ಕಿತ್ತುಕೊಳ್ಳಬೇಕಾದ ಸೆಕೆಂಡ್ ಅದು. ಟೈಮ್ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಬೋನಸ್ ಸೆಕೆಂಡ್ (ಮೊದಲ ಸ್ಥಾನಗಳಿಗೆ ಕೊಡುವ ಸಮಯದ ರಿಯಾಯಿತಿ) ಇರುವುದಿಲ್ಲ, ಹಾಗಾಗಿ ಬೇರೆ ಏನನ್ನೂ ಕೂಡಿಸಬೇಕಾಗಿಲ್ಲ.

ಹಳೆಯ ರೇಸ್‌ಗಳಿಗೆ ಈ ಲೆಕ್ಕ ಹಚ್ಚಿದರೆ ಹೀಗೆ ಕಾಣುತ್ತದೆ:

- 1989ರ ಟೂರ್, ವರ್ಸಾಯ್‌ನಿಂದ ಪ್ಯಾರಿಸ್, 24.5 ಕಿ.ಮೀ. ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಬೇಕಾದ ದರ 2.04. ಲೋರಾನ್ ಫಿನ್ಯೋನಿಂದ ಕಿತ್ತುಕೊಂಡದ್ದು 58 ಸೆಕೆಂಡ್, ಅಂದರೆ 2.37.
- 2008ರ ಟೂರ್, ಸೇಂಟ್ ಅಮಾಂ ಮೊಂರೋಂಗೆ 53 ಕಿ.ಮೀ. ಕಾರ್ಲೋಸ್ ಸಾಸ್ತ್ರೆಗಿಂತ ಇವಾನ್ಸ್ 94 ಸೆಕೆಂಡ್ ಹಿಂದಿದ್ದ. ಬೇಕಾದ ದರ 1.77. ಸಿಕ್ಕಿದ್ದು 29 ಸೆಕೆಂಡ್, ಬರೀ 0.55.
- 2011ರ ಟೂರ್, ಗ್ರೆನೋಬಲ್, 42.5 ಕಿ.ಮೀ. ಆಂಡಿ ಶ್ಲೆಕ್‌ಗಿಂತ ಇವಾನ್ಸ್ 57 ಸೆಕೆಂಡ್ ಹಿಂದಿದ್ದ. ಬೇಕಾದ ದರ 1.34. ಸಿಕ್ಕಿದ್ದು 2 ನಿಮಿಷ 31 ಸೆಕೆಂಡ್, ಅಂದರೆ 3.55.
- 2017ರ ಜಿರೋ, ಮೊಂಝಾದಿಂದ ಮಿಲಾನ್, 29.3 ಕಿ.ಮೀ. ಡ್ಯುಮೊಲಿನ್ ನೈರೋ ಕಿಂಟಾನಾಗಿಂತ 53 ಸೆಕೆಂಡ್ ಹಿಂದಿದ್ದ. ಬೇಕಾದ ದರ 1.81. ಕೊನೆಗೆ ಒಟ್ಟು ಲೆಕ್ಕದಲ್ಲಿ 31 ಸೆಕೆಂಡ್ ಮುಂದೆ ಮುಗಿಸಿದ. ಕಿತ್ತುಕೊಂಡದ್ದು 84 ಸೆಕೆಂಡ್, ಅಂದರೆ 2.87.

ಈ ಪಟ್ಟಿಯಲ್ಲಿ ಒಬ್ಬನೇ ಇವಾನ್ಸ್ ಎರಡು ಸಲ ಬರುತ್ತಾನೆ, ನೋಡಿ. ಒಮ್ಮೆ 0.55, ಇನ್ನೊಮ್ಮೆ 3.55. ಇವಾನ್ಸ್ ಅನ್ನುವ ಹೆಸರು ನೋಡಿ ಊಹಿಸಿದವರು ಒಮ್ಮೆ ಪೂರ್ತಿ ಸೋತರು. ದರ ಅನ್ನುವುದು ಇಬ್ಬರ ನಡುವಿನ ಸಂಗತಿ. ಎದುರಾಳಿ ಬದಲಾದರೆ ಅದೂ ಬದಲಾಗುತ್ತದೆ.

ನನ್ನ ಅಂದಾಜಿನ ಗೆರೆಗಳು ಹೀಗಿವೆ. ಬೇಕಾದ ದರ 1ಕ್ಕಿಂತ ಕಡಿಮೆ ಇದ್ದರೆ, ಹಿಂದಿರುವವನು ಟೈಮ್ ಟ್ರಯಲ್‌ನಲ್ಲಿ ನಿಜಕ್ಕೂ ಮೇಲುಗೈ ಆಗಿದ್ದರೆ ಜೆರ್ಸಿ ಕೈ ಬದಲಾಗುವ ಸಾಧ್ಯತೆಯೇ ಜಾಸ್ತಿ. 1ರಿಂದ 2ರೊಳಗೆ ಇದ್ದರೆ ಅಸಲಿ ಜಿದ್ದಾಜಿದ್ದಿ. ಸಮತಟ್ಟು ದಾರಿಯಲ್ಲಿ 2 ದಾಟಿದರೆ, ಯಾಕೆ ಸಾಧ್ಯ ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಬೇಕು. 1989ರಲ್ಲಿ ಆ ಕಾರಣ ಕಣ್ಣೆದುರೇ ಇತ್ತು. ಲೆಮಾಂಡ್ ಗಾಳಿಯನ್ನು ಸುಲಭವಾಗಿ ಸೀಳಲು ಮೊಣಕೈ ಊರುವ ಏರೋ ಹ್ಯಾಂಡಲ್‌ಬಾರ್ ಹಾಕಿಕೊಂಡು ಬಂದಿದ್ದ. ಫಿನ್ಯೋ ಹಾಕಿರಲಿಲ್ಲ, ತಲೆಗೆ ಹೆಲ್ಮೆಟ್ ಕೂಡ ಇರಲಿಲ್ಲ.

## ಹಂತ 3: ದಾರಿಯನ್ನು ತುಂಡು ಮಾಡಿ, ಆದರೆ ಸಮಯದ ಲೆಕ್ಕದಲ್ಲಿ

ಅತಿ ಹೆಚ್ಚು ಜನ ಜಾರುವುದು ಇಲ್ಲೇ. ದಾರಿಯ ಚಿತ್ರ ಕಿಲೋಮೀಟರ್ ತೋರಿಸುತ್ತದೆ. ರೇಸ್ ನಡೆಯುವುದು ನಿಮಿಷಗಳಲ್ಲಿ.

2020ರ ಟೂರ್‌ನ 20ನೇ ಸ್ಟೇಜ್ ತೆಗೆದುಕೊಳ್ಳಿ. ಲ್ಯೂರ್‌ನಿಂದ ಲಾ ಪ್ಲಾನ್ಶ್ ದೆ ಬೆಲ್ ಫೀಯ್ ಬೆಟ್ಟದ ತನಕ 36.2 ಕಿ.ಮೀ. ಕೊನೆಯ 5.9 ಕಿ.ಮೀ. ಸರಾಸರಿ 8.5 ಶೇಕಡಾ ಏರು. ದೂರದ ಲೆಕ್ಕದಲ್ಲಿ ಈ ಏರು ಆರನೇ ಒಂದು ಭಾಗ ಮಾತ್ರ. ಗೆದ್ದ ತದೇಯ್ ಪೊಗಾಚಾರ್ ತೆಗೆದುಕೊಂಡ ಒಟ್ಟು ಸಮಯ 55 ನಿಮಿಷ 55 ಸೆಕೆಂಡ್. ಅದರಲ್ಲಿ ಏರಿಗೇ ಹೋದದ್ದು ಕಾಲು ಭಾಗಕ್ಕಿಂತ ಹೆಚ್ಚು. ಪ್ರಿಮೋಜ್ ರೊಗ್ಲಿಚ್‌ಗಿಂತ ಅವನು ಒಟ್ಟು 1 ನಿಮಿಷ 56 ಸೆಕೆಂಡ್ ಬೇಗ ಮುಗಿಸಿದ. ಏರಿನ ಬುಡಕ್ಕೆ ಬರುವಷ್ಟರಲ್ಲಿ ಸಿಕ್ಕಿದ್ದು ಅರ್ಧ ನಿಮಿಷದ ಆಸುಪಾಸು. ಮಿಕ್ಕಿದ್ದೆಲ್ಲ ಆ ಕೊನೆಯ ತುಂಡಿನಲ್ಲೇ.

ಮಾಡಬೇಕಾದ್ದು ಇಷ್ಟು. ದಾರಿಯನ್ನು ಸಮತಟ್ಟು, ಏರು, ಇಳಿಜಾರು, ತಿರುವುಗಳ ಭಾಗ ಅಂತ ನಾಲ್ಕಾಗಿ ವಿಂಗಡಿಸಿ. ಪ್ರತಿ ತುಂಡಿನ ಎದುರು ಅಂದಾಜು ವೇಗ ಬರೆದು ನಿಮಿಷ ಲೆಕ್ಕ ಹಾಕಿ. ಒಳ್ಳೆಯ ಸ್ಪರ್ಧಿಗೆ ಸಮತಟ್ಟಿನಲ್ಲಿ ಗಂಟೆಗೆ 50 ಕಿ.ಮೀ. ಆಸುಪಾಸು, 6 ಶೇಕಡಾ ಏರಿನಲ್ಲಿ 23-24 ಅಂತ ಹಿಡಿದರೆ ತೀರಾ ತಪ್ಪಾಗುವುದಿಲ್ಲ.

ಹೀಗೆ ಕತ್ತರಿಸಲು ಕಾರಣ ಇದೆ. ಸಮತಟ್ಟಿನಲ್ಲಿ ಸವಾರ ಹಾಕುವ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 1 ಶೇಕಡಾ ಹೆಚ್ಚು ವಾಟ್ ಹಾಕಿದರೂ ಸಮಯ ಇಳಿಯುವುದು ಸುಮಾರು ಮೂರನೇ ಒಂದು ಶೇಕಡಾ. 40 ಕಿ.ಮೀ. ಸಮತಟ್ಟಿನಲ್ಲಿ ಅದು ಹತ್ತು ಸೆಕೆಂಡ್ ಆದೀತು. ಕಡಿದಾದ ಏರಿನಲ್ಲಿ ಎಳೆಯುವುದು ಮೈ ಮತ್ತು ಸೈಕಲ್‌ನ ತೂಕ. ಅಲ್ಲಿ ಅದೇ 1 ಶೇಕಡಾ ವಾಟ್ ಹೆಚ್ಚುಕಡಿಮೆ ಪೂರ್ತಿ ಸಮಯವಾಗಿ ಸಿಗುತ್ತದೆ. 20 ನಿಮಿಷದ ಏರಿನಲ್ಲಿ ಅದೇ ಹತ್ತು ಸೆಕೆಂಡ್.

ಇದೇ ಕಾರಣಕ್ಕೆ ಸಮತಟ್ಟಿನಲ್ಲಿ ಕೇಳಬೇಕಾದ್ದು, ಗಾಳಿಗೆ ಯಾರ ಮೈ ಕಡಿಮೆ ಸಿಗುತ್ತದೆ ಅಂತ. ಏರಿನಲ್ಲಿ ಕೇಳಬೇಕಾದ್ದು, ಕಿಲೋ ತೂಕಕ್ಕೆ ಯಾರ ವಾಟ್ ಹೆಚ್ಚು ಅಂತ. ಒಂದೇ ದಾರಿಯಲ್ಲಿ ಎರಡಕ್ಕೂ ಬೇರೆ ಬೇರೆ ಉತ್ತರ ಬರಬಹುದು.

ಎಚ್ಚರಿಕೆಯ ಗುರುತು: ಸರಾಸರಿ ಏರು ನೋಡಿ ನಿರ್ಧರಿಸಬೇಡಿ. 4 ಶೇಕಡಾ ಸರಾಸರಿಯ ಒಳಗೆ 10 ಶೇಕಡಾದ ಒಂದು ತುಂಡು ಮತ್ತು ಸ್ವಲ್ಪ ಇಳಿಜಾರು ಅಡಗಿರಬಹುದು.

## ಹಂತ 4: ಹಳೆಯ ಫಲಿತಾಂಶ ತೆಗೆದು, ನಿರ್ದಯವಾಗಿ ಸೋಸಿ

ಇಬ್ಬರೂ ಓಡಿದ ಪ್ರತಿ ಟೈಮ್ ಟ್ರಯಲ್‌ನಲ್ಲೂ ಅವರ ನಡುವಿನ ಅಂತರವನ್ನು ದೂರದಿಂದ ಭಾಗಿಸಿ, ದರವಾಗಿ ಬರೆಯಿರಿ. ಆಮೇಲೆ ಕೆಲಸಕ್ಕೆ ಬಾರದ್ದನ್ನು ಹೊಡೆದುಹಾಕಿ.

ರೇಸ್ ಶುರುವಿನ, 10 ಕಿ.ಮೀ. ಒಳಗಿನ ಚಿಕ್ಕ ಟೈಮ್ ಟ್ರಯಲ್ (ಪ್ರೊಲಾಗ್) ಹೊಡೆದುಹಾಕಿ. ಅದು ಬೇರೆಯದೇ ಆಟ. ಇಬ್ಬರಲ್ಲಿ ಒಬ್ಬ ಒಟ್ಟು ಸ್ಥಾನದ ಆಸೆ ಬಿಟ್ಟು ಸುಮ್ನೆ ದಿನ ಮುಗಿಸಿದ ಓಟ ಇದ್ದರೆ ಅದನ್ನೂ ಹೊಡೆದುಹಾಕಿ. ಬಿದ್ದ ದಿನ, ಪಂಕ್ಚರ್ ಆದ ದಿನ, ಒಬ್ಬನಿಗೆ ಮಳೆ ಇನ್ನೊಬ್ಬನಿಗೆ ಒಣ ರಸ್ತೆ ಸಿಕ್ಕ ದಿನ, ಇವೂ ಹೋಗಲಿ. ಕೊನೆಗೆ ಎರಡೋ ಮೂರೋ ಓಟ ಉಳಿದರೆ ಅದೇ ಸಾಕು. ಕಸ ತುಂಬಿದ ಹತ್ತು ಸಾಲಿಗಿಂತ ಅದೇ ವಾಸಿ.

ಒಂದು ವಿಶೇಷ ಸಾಲು ಸಿಕ್ಕರೆ ಬಿಡಬೇಡಿ: ಅದೇ ದಾರಿಯಲ್ಲಿ ಈ ಹಿಂದೆ ಓಡಿದ್ದು. 2011ರ ಗ್ರೆನೋಬಲ್ ದಾರಿಯನ್ನು ಅದೇ ವರ್ಷದ ಜೂನ್‌ನಲ್ಲಿ, ಟೂರ್‌ಗೆ ಮೊದಲು ನಡೆದ ಕ್ರಿತೇರಿಯಂ ದ್ಯು ದೋಫಿನೆ ರೇಸ್‌ನಲ್ಲಿ ಬಳಸಿದ್ದರು. ಇವಾನ್ಸ್ ಅಲ್ಲಿ ರೇಸ್ ಓಡಿದ್ದ, ಶ್ಲೆಕ್ ಓಡಿರಲಿಲ್ಲ. ಯಾವ ತಿರುವಿನಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದು ರೇಸ್ ವೇಗದಲ್ಲಿ ಓಡಿದವನಿಗೆ ಗೊತ್ತಿರುತ್ತದೆ.

## ಹಂತ 5: ಮೂರನೇ ವಾರದ ದಣಿವಿಗೆ ತೂಕ ಕೊಡಿ

ಮೊದಲ ವಾರದ ಟೈಮ್ ಟ್ರಯಲ್ ದರವನ್ನು ಹಾಗೇ ತಂದು ಮೂರನೇ ವಾರಕ್ಕೆ ಅಂಟಿಸುವುದು ಎರಡನೇ ದೊಡ್ಡ ತಪ್ಪು. ಬೆಟ್ಟಗಳಲ್ಲಿ ಮೂರು ವಾರ ಕಳೆದ ಮೇಲೆ ಪರಿಣತನ ಮೇಲುಗೈ ಸಾಮಾನ್ಯವಾಗಿ ಕುಗ್ಗುತ್ತದೆ. ಬೆಟ್ಟ ಹತ್ತುವವನು ತನ್ನ ಮಿತಿಯೊಳಗೇ ಹತ್ತಿರುತ್ತಾನೆ. ಹಿಂದೆ ಓಡಿ ಹಿಡಿದವನು ಪ್ರತಿದಿನ ಮಿತಿ ಮೀರಿರುತ್ತಾನೆ. 2008ರಲ್ಲಿ ಇವಾನ್ಸ್ ಮೇಲೆ ಲೆಕ್ಕ ಕಟ್ಟಿದವರು ಸಾಸ್ತ್ರೆಯ ಕಾಲು ಎಷ್ಟು ತಾಜಾ ಇದೆ ಅಂತ ಕೇಳಲೇ ಇಲ್ಲ. ಜೊತೆಗೆ ಹಳದಿ ಜೆರ್ಸಿ ಮೈಮೇಲೆ ಇದ್ದವನು ಆ ದಿನ ತನ್ನ ಜೀವನದ ಓಟ ಓಡುವುದು ಅಪರೂಪವೇನಲ್ಲ.

ನಾನು ಮಾಡುವುದು ಇಷ್ಟೇ. ಮೂರನೇ ವಾರದಲ್ಲಿ ನಡೆದ ಓಟದ ದರಕ್ಕೆ ಎರಡು ಪಾಲು ತೂಕ, ಉಳಿದವಕ್ಕೆ ಒಂದೊಂದು ಪಾಲು.

ದಣಿವಿನ ಸುಳಿವು ಹಿಂದಿನ ಮೂರು ನಾಲ್ಕು ಸ್ಟೇಜ್‌ಗಳಲ್ಲಿ ಸಿಗುತ್ತದೆ. ಕೊನೆಯ ಏರಿನ ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಮಾತ್ರ ಬಿಟ್ಟುಹೋಗುತ್ತಿದ್ದಾನಾ? ಯಾರಾದರೂ ಥಟ್ಟನೆ ವೇಗ ಹೆಚ್ಚಿಸಿ ದಾಳಿ ಮಾಡಿದಾಗ ತಕ್ಷಣ ಬೆನ್ನು ಹತ್ತುವುದನ್ನು ಬಿಟ್ಟು ತನ್ನ ವೇಗದಲ್ಲೇ ಬರುತ್ತಿದ್ದಾನಾ? ಸೀಟಿನ ಮೇಲೆ ಪದೇಪದೇ ಜಾಗ ಬದಲಿಸುತ್ತಿದ್ದಾನಾ? ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1989ರಲ್ಲಿ ಫಿನ್ಯೋನನ್ನು ಕಾಡಿದ್ದು ಸೀಟಿನ ಉಜ್ಜಿನಿಂದ ಆದ ಹುಣ್ಣು. ಮುಂದಕ್ಕೆ ಬಾಗಿ ಒಂದೇ ಭಂಗಿಯಲ್ಲಿ ಕೂರಬೇಕಾದ ಓಟದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

## ಹಂತ 6: ಗಾಳಿ, ಮಳೆ, ಹೊರಡುವ ಹೊತ್ತು

ಸ್ಥಾನಪಟ್ಟಿಯಲ್ಲಿ ಕೊನೆಯವನು ಮೊದಲು ಹೊರಡುತ್ತಾನೆ, ಜೆರ್ಸಿ ಹಾಕಿದವನು ಕೊನೆಗೆ. ಇಬ್ಬರ ನಡುವೆ ಹಲವು ಗಂಟೆ ಇರುತ್ತದೆ. ಬೆಳಗ್ಗೆ ಹೊರಟವನ ಸಮಯ ನೋಡಿ "ದಾರಿ ನಿಧಾನ ಇದೆ" ಅಂತ ತೀರ್ಮಾನಿಸಿದರೆ, ಅಷ್ಟರಲ್ಲಿ ಗಾಳಿ ತಿರುಗಿರಬಹುದು.

ನಿಮ್ಮ ಇಬ್ಬರು ಮಾತ್ರ ಒಂದೆರಡು ನಿಮಿಷ ಬಿಟ್ಟು ಬೆನ್ನಬೆನ್ನಿಗೇ ಹೊರಡುತ್ತಾರೆ. ಹಾಗಾಗಿ ಅವರ ನಡುವಿನ ಲೆಕ್ಕಕ್ಕೆ ಹವಾಮಾನದ ಅನ್ಯಾಯ ಕಡಿಮೆ. ಆದರೆ ಗಾಳಿ ಎಷ್ಟು ಬೀಸುತ್ತದೆ ಅನ್ನುವುದು ದರವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಎದುರುಗಾಳಿ ಇದ್ದರೆ ಪ್ರತಿ ಕಿಲೋಮೀಟರ್‌ಗೆ ಹೆಚ್ಚು ಹೊತ್ತು ಬೇಕು, ಅಂತರವೂ ಹಿಗ್ಗುತ್ತದೆ. ಹಿಂದಿನಿಂದ ಗಾಳಿ ಬೀಸಿದರೆ ಎಲ್ಲರೂ ಬೇಗ ಮುಗಿಸುತ್ತಾರೆ, ಅಂತರ ಕುಗ್ಗುತ್ತದೆ. ಹಿಂದಿರುವವನಿಗೆ ಬೇಕಾದ್ದು ಎದುರುಗಾಳಿ. ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವ ಓಟದಲ್ಲಿ ಗಾಳಿ ಸರಿಸಮ ಆಗುತ್ತದೆ ಅನ್ನುವುದೂ ತಪ್ಪು. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಅಲ್ವಾ?

ಅಡ್ಡಗಾಳಿ ಇದ್ದರೆ ಹಗುರ ಮೈಯವನನ್ನು ಗಮನಿಸಿ. ಎತ್ತರದ ರಿಮ್‌ನ ಮುಂದಿನ ಚಕ್ರ ಗಾಳಿಗೆ ಅಲುಗಾಡಿದರೆ ಅವನು ಏರೋ ಭಂಗಿ ಬಿಟ್ಟು ಹ್ಯಾಂಡಲ್ ಹಿಡಿಯುತ್ತಾನೆ. ಅಲ್ಲಿಗೆ ಲಾಭವೆಲ್ಲ ಹೋಯಿತು.

ಮಳೆ ಬಂದರೆ ಲೆಕ್ಕದ ವ್ಯಾಪ್ತಿಯನ್ನು ದೊಡ್ಡದು ಮಾಡಿ, ಮಧ್ಯದ ಸಂಖ್ಯೆಯನ್ನು ಮುಂದಿರುವವನ ಕಡೆ ಸ್ವಲ್ಪ ಸರಿಸಿ. ಅವನು ತಿರುವಿನಲ್ಲಿ ಬ್ರೇಕ್ ಹಿಡಿಯಬಹುದು, ಹಿಂದಿರುವವನಿಗೆ ಆ ಸ್ವಾತಂತ್ರ್ಯ ಇಲ್ಲ. 2003ರ ಟೂರ್‌ನಲ್ಲಿ ಪೋರ್ನಿಕ್‌ನಿಂದ ನಾಂತ್‌ಗೆ ಮಳೆಯಲ್ಲೇ ಓಡಿದ ಯಾನ್ ಉಲ್ರಿಶ್ ವೃತ್ತದ ತಿರುವಿನಲ್ಲಿ ಜಾರಿಬಿದ್ದ. ಅಲ್ಲಿಗೆ ಅವನ ಆಸೆ ಮುಗಿಯಿತು.

## ಹಂತ 7: ಸೈಕಲ್ ಬದಲಿಸುತ್ತಾರಾ?

ಸಮತಟ್ಟು ಮುಗಿದು ಕಡಿದಾದ ಏರು ಶುರುವಾಗುವ ದಾರಿ ಇದ್ದರೆ ಮಾತ್ರ ಈ ಹಂತ. ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಟೈಮ್ ಟ್ರಯಲ್ ಸೈಕಲ್ ಬಿಟ್ಟು ಹಗುರವಾದ ರೋಡ್ ಸೈಕಲ್ ಹತ್ತಲು ವೇಗ ಇಳಿಸಬೇಕು, ಇಳಿಯಬೇಕು, ಮತ್ತೆ ವೇಗ ಹಿಡಿಯಬೇಕು. ಅಷ್ಟು ಸೆಕೆಂಡ್ ವಾಪಸ್ ಬರಬೇಕಾದರೆ ಏರು ಉದ್ದವೂ ಕಡಿದೂ ಆಗಿರಬೇಕು. 2023ರ ಜಿರೋದಲ್ಲಿ ಮೊಂತೆ ಲುಸ್ಸಾರಿ ಏರು 7.3 ಕಿ.ಮೀ., ಸರಾಸರಿ 12.1 ಶೇಕಡಾ. ಅಲ್ಲಿ ಬದಲಿಸುವುದರಲ್ಲಿ ಅನುಮಾನವೇ ಇರಲಿಲ್ಲ. ಅದೇ ವರ್ಷದ ಟೂರ್‌ನ ಕೊಂಬ್ಲೂ ಓಟದಲ್ಲಿ ದೊಮಾಂಸಿ ಏರು 2.5 ಕಿ.ಮೀ., 9.4 ಶೇಕಡಾ. ಅಲ್ಲಿ ಪೊಗಾಚಾರ್ ಬದಲಿಸಿದ, ಯೋನಾಸ್ ವಿಂಗೆಗೋರ್ ಬದಲಿಸಲಿಲ್ಲ.

ಇಲ್ಲೊಂದು ಬಲೆ ಇದೆ. ಕೊಂಬ್ಲೂನಲ್ಲಿ ವಿಂಗೆಗೋರ್ 22.4 ಕಿ.ಮೀ.ನಲ್ಲಿ 1 ನಿಮಿಷ 38 ಸೆಕೆಂಡ್ ಗಳಿಸಿದ್ದಕ್ಕೆ ಸೈಕಲ್ ಬದಲಾವಣೆಯೇ ಕಾರಣ ಅಂತ ಹೇಳುವವರು ಇದ್ದಾರೆ. ಸೈಕಲ್ ಬದಲಿಸುವ ಮೊದಲೇ ಪೊಗಾಚಾರ್ ಹಿಂದೆ ಬಿದ್ದಿದ್ದ. ಬದಲಾವಣೆಗೆ ಕೆಲವು ಸೆಕೆಂಡ್ ಕೊಡಿ, ಒಂದೂವರೆ ನಿಮಿಷ ಕೊಡಬೇಡಿ.

## ಹಂತ 8: ಎಲ್ಲವನ್ನೂ ಕೂಡಿಸಿ, ಒಂದು ವ್ಯಾಪ್ತಿ ಬರೆಯಿರಿ

ಕಲ್ಪಿಸಿದ ಒಂದು ಉದಾಹರಣೆ. ಮುಂದಿರುವವನು "ಅ", 48 ಸೆಕೆಂಡ್ ಹಿಂದೆ "ಬ". ದಾರಿ 32 ಕಿ.ಮೀ.: ಮೊದಲ 24 ಸಮತಟ್ಟು, ಕೊನೆಯ 8 ಕಿ.ಮೀ. 6 ಶೇಕಡಾ ಏರು. ಬೇಕಾದ ದರ 48 ಭಾಗಿಸು 32, ಅಂದರೆ 1.5.

ಸೋಸಿದ ಮೇಲೆ ಉಳಿದ ಸಮತಟ್ಟು ಓಟಗಳು ಮೂರು. "ಬ" ಗಳಿಸಿದ ದರ 1.6, 1.1, ಮತ್ತು ಮೂರನೇ ವಾರದ ಓಟದಲ್ಲಿ 0.7.

ಆತುರದವರು 1.6 ಹಿಡಿದು 32ರಿಂದ ಗುಣಿಸುತ್ತಾರೆ. 51 ಸೆಕೆಂಡ್. "ಬ" 3 ಸೆಕೆಂಡ್‌ನಿಂದ ಗೆಲ್ಲುತ್ತಾನೆ ಅಂತ ಘೋಷಿಸುತ್ತಾರೆ.

ಈಗ ಕ್ರಮವಾಗಿ ಮಾಡೋಣ. ಮೂರನೇ ವಾರದ್ದಕ್ಕೆ ಎರಡು ಪಾಲು ಕೊಟ್ಟರೆ 1.6, 1.1, 0.7, 0.7. ಸರಾಸರಿ ಸುಮಾರು 1. ಇದು ಸಮತಟ್ಟಿನ 24 ಕಿ.ಮೀ.ಗೆ ಮಾತ್ರ ಅನ್ವಯ: "ಬ"ಗೆ 24 ಸೆಕೆಂಡ್. ಏರಿಗೆ ಸುಮಾರು 20 ನಿಮಿಷ. ಅಲ್ಲಿ ಕಿಲೋ ತೂಕದ ಲೆಕ್ಕದಲ್ಲಿ "ಅ" 1 ಶೇಕಡಾ ಬಲವಾಗಿದ್ದರೆ ಹತ್ತು ಸೆಕೆಂಡ್ ವಾಪಸ್ ಪಡೆಯುತ್ತಾನೆ. ನಿವ್ವಳ ಗಳಿಕೆ 14 ಸೆಕೆಂಡ್. "ಅ" 34 ಸೆಕೆಂಡ್‌ನಿಂದ ಉಳಿಸಿಕೊಳ್ಳುತ್ತಾನೆ.

ಈ 34ನ್ನು ಮಾತ್ರ ಹೇಳಿ ನಿಲ್ಲಿಸಬೇಡಿ. ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಕಿಲೋಮೀಟರ್‌ಗೆ ಒಂದು ಸೆಕೆಂಡ್ ಆ ಕಡೆ ಈ ಕಡೆ ಆಗುತ್ತದೆ ಅಂತ ನಾನು ಹಿಡಿಯುತ್ತೇನೆ. ಇಲ್ಲಿ ಅದು 32 ಸೆಕೆಂಡ್. ಅಂದರೆ "ಬ"ಗೆ ಎಲ್ಲವೂ ಒಲಿದರೂ ಜೆರ್ಸಿ ಅಂಚಿನಲ್ಲಿ ತಪ್ಪುತ್ತದೆ. ಹತ್ತರಲ್ಲಿ ಒಂಬತ್ತು ಸಲ "ಅ" ಅಂತ ಹೇಳಬಹುದು. ಉಳಿದ ಒಂದು ಪಾಲು ಬೀಳುವುದಕ್ಕೆ, ಪಂಕ್ಚರ್‌ಗೆ, ಯಾರೂ ನೋಡಿರದ ಒಳ್ಳೆಯ ದಿನಕ್ಕೆ. ಲುಸ್ಸಾರಿಯಲ್ಲಿ ರೊಗ್ಲಿಚ್‌ನ ಚೈನ್ ಏರಿನ ಮಧ್ಯೆ ಕಳಚಿತು. ಇಳಿದು ಹಾಕಿಕೊಂಡು ಹೊರಟ, ಆದರೂ ಗೆರೈಂಟ್ ಥಾಮಸ್‌ನಿಂದ 40 ಸೆಕೆಂಡ್ ಗಳಿಸಿ ಒಟ್ಟು 14 ಸೆಕೆಂಡ್‌ನಿಂದ ಜಿರೋ ಗೆದ್ದ. ಇಂಥದ್ದನ್ನು ಯಾವ ಸ್ಪ್ರೆಡ್‌ಶೀಟೂ ಹಿಡಿಯುವುದಿಲ್ಲ.

## ಹಂತ 9: ಓಟ ನಡೆಯುವಾಗ ಸ್ಪ್ಲಿಟ್ ಓದುವುದು

ಟಿವಿ ಪರದೆಯಲ್ಲಿ ಓಡುತ್ತಲೇ ಇರುವ ಅಂತರ ಜಿಪಿಎಸ್‌ನ ಅಂದಾಜು. ಅದು ಕುಣಿಯುತ್ತದೆ. ನಿಗದಿತ ಜಾಗದಲ್ಲಿ ಅಳೆದ ಸಮಯ, ಅಂದರೆ ಸ್ಪ್ಲಿಟ್, ಮಾತ್ರ ನಂಬಿ.

ಪ್ರತಿ ಸ್ಪ್ಲಿಟ್ ಬಂದಾಗ ಉಳಿದ ಅಂತರವನ್ನು ಉಳಿದ ಕಿಲೋಮೀಟರ್‌ನಿಂದ ಭಾಗಿಸಿ, ಹೊಸ ಬೇಕಾದ ದರ ಬರೆಯಿರಿ. ಮೇಲಿನ ಉದಾಹರಣೆಯಲ್ಲಿ 12ನೇ ಕಿಲೋಮೀಟರ್‌ಗೆ "ಬ" 12 ಸೆಕೆಂಡ್ ಗಳಿಸಿದ್ದಾನೆ ಅಂತಿಟ್ಟುಕೊಳ್ಳಿ. ವೀಕ್ಷಕ ವಿವರಣೆಯಲ್ಲಿ ಕೂಗಾಟ ಶುರುವಾಗಿರುತ್ತದೆ. ಉಳಿದದ್ದು 36 ಸೆಕೆಂಡ್, 20 ಕಿ.ಮೀ. ಬೇಕಾದ ದರ 1.8ಕ್ಕೆ ಏರಿದೆ, ಅವನಿಗೆ ಒಗ್ಗದ ಏರು ಇನ್ನೂ ಮುಂದಿದೆ. ಅವನು ಗೆಲ್ಲುತ್ತಿಲ್ಲ, ಸೋಲುತ್ತಿದ್ದಾನೆ.

ಮೊದಲ ಸ್ಪ್ಲಿಟ್ ಒಂದನ್ನೇ ನೋಡಿ ಊಹೆ ಬದಲಿಸಬೇಡಿ. ಶುರುವಿನಲ್ಲೇ ಜೋರಾಗಿ ಹೋದವನು ಕೊನೆಗೆ ಅಷ್ಟನ್ನೂ ಬಡ್ಡಿ ಸಮೇತ ಕಟ್ಟುತ್ತಾನೆ. ಎರಡನೇ ಸ್ಪ್ಲಿಟ್ ಕೂಡ ಅದೇ ದಿಕ್ಕಿನಲ್ಲಿ ಇದ್ದರೆ ಬದಲಿಸಿ.

ಸಂಖ್ಯೆಗಿಂತ ಮೊದಲೇ ಮೈ ಹೇಳುವ ಸುಳಿವುಗಳಿವೆ. ಭುಜ ತೂಗಾಡುವುದು, ಸಮತಟ್ಟಿನಲ್ಲಿ ತಲೆ ಎತ್ತುವುದು, ಮೊಣಕೈ ಆಸರೆಯಿಂದ ಕೈ ಮತ್ತೆಮತ್ತೆ ತೆಗೆಯುವುದು, ಸೀಟಿನ ಮುಂದಿನ ತುದಿಗೆ ಜಾರಿ ಮತ್ತೆ ಹಿಂದೆ ಸರಿಯುವುದು. 2020ರಲ್ಲಿ ಏರಿನ ಮೇಲೆ ರೊಗ್ಲಿಚ್‌ನ ಹೆಲ್ಮೆಟ್ ಓರೆಯಾಗಿ ಹಿಂದಕ್ಕೆ ಸರಿದಿತ್ತು. ಅದನ್ನು ಸರಿಪಡಿಸಿಕೊಳ್ಳುವಷ್ಟೂ ಗಮನ ಅವನಲ್ಲಿ ಉಳಿದಿರಲಿಲ್ಲ.

## ಹಂತ 10: ಮುಗಿದ ದಿನವೇ ಬರೆದಿಡಿ

ಇಬ್ಬರ ನಡುವಿನ ದರವನ್ನು ಒಟ್ಟಾಗಿ ಬರೆದರೆ ಸಾಲದು. ಪ್ರತಿ ಸ್ಪ್ಲಿಟ್‌ನ ನಡುವಿನ ತುಂಡಿಗೂ ಬೇರೆ ಬೇರೆ ಬರೆಯಿರಿ. ಪಕ್ಕದಲ್ಲಿ ಗಾಳಿಯ ದಿಕ್ಕು, ರಸ್ತೆ ಒಣಗಿತ್ತೋ ಒದ್ದೆಯೋ, ಎಷ್ಟನೇ ದಿನದ ಓಟ, ಸೈಕಲ್ ಬದಲಿಸಿದರೋ ಇಲ್ಲವೋ ಇಷ್ಟು ಇರಲಿ. ಈ ಟಿಪ್ಪಣಿ ಇಲ್ಲದ ಸಂಖ್ಯೆಯನ್ನು ಮುಂದಿನ ವರ್ಷ ಹಂತ 4ರಲ್ಲಿ ನೀವೇ ಹೊಡೆದುಹಾಕಬೇಕಾಗುತ್ತದೆ.